ಮಿನಿ ಟ್ರ್ಯಾಕ್ಟರಿಗೆ ಕ್ವಿಕ್ ಹಿಚ್: ಹದಿನಾಲ್ಕು ತಿಂಗಳು ಬಳಸಿದ ಮೇಲೆ

ಚನ್ನಗಿರಿ ತಾಲ್ಲೂಕಿನ ನಮ್ಮ ಜಮೀನಿನಲ್ಲಿ ನಾಲ್ಕು ಎಕರೆ ಅಡಿಕೆ ತೋಟವೂ ಅದಕ್ಕೆ ಹೊಂದಿಕೊಂಡಂತೆ ಎರಡೂವರೆ ಎಕರೆ ಮೆಕ್ಕೆಜೋಳದ ಹೊಲವೂ ಇವೆ. ಎರಡಕ್ಕೂ ಇರುವುದು 24 ಅಶ್ವಶಕ್ತಿಯ ಒಂದೇ ಮಿನಿ ಟ್ರ್ಯಾಕ್ಟರ್. ಅದರ ಹಿಂದೆ ಕಟ್ಟುವ ಸಲಕರಣೆಗಳು ಮಾತ್ರ ಐದು. ಹೊಲಕ್ಕೆ ತಿರುಗುವ ಕತ್ತಿಗಳಿಂದ ಮಣ್ಣು ಪುಡಿಮಾಡುವ ನಾಲ್ಕು ಅಡಿಯ ರೋಟವೇಟರ್ ಮತ್ತು ಐದು ಹಲ್ಲಿನ ಕಲ್ಟಿವೇಟರ್, ತೋಟಕ್ಕೆ ಹುಲ್ಲು ಸವರುವ ಸ್ಲಾಷರ್ ಮತ್ತು 200 ಲೀಟರಿನ ಸ್ಪ್ರೇಯರ್, ದಾರಿಯನ್ನೂ ಕಣವನ್ನೂ ಸಮ ಮಾಡಲು ಒಂದು ಬ್ಲೇಡು. ಅಡಿಕೆಯ ಬೇರುಗಳು ಮೇಲ್ಮಣ್ಣಿನಲ್ಲೇ ಹೆಚ್ಚಾಗಿ ಹರಡಿಕೊಳ್ಳುವುದರಿಂದ ತೋಟದೊಳಗೆ ರೋಟವೇಟರ್ ಇಳಿಸಬಾರದೆಂಬುದು ನಮ್ಮ ಮನೆಯ ಕಟ್ಟುನಿಟ್ಟು. ಹಾಗಾಗಿ ಬೆಳಿಗ್ಗೆ ಹೊಲದಲ್ಲಿ ರೋಟವೇಟರ್ ಹೊಡೆದ ಟ್ರ್ಯಾಕ್ಟರಿಗೇ ಮಧ್ಯಾಹ್ನ ಸ್ಲಾಷರ್ ಕಟ್ಟಬೇಕಾದ ದಿನಗಳು ವರ್ಷದಲ್ಲಿ ಹಲವು ಬರುತ್ತವೆ. ಈ ಬಿಚ್ಚುವ, ಕಟ್ಟುವ ಕೆಲಸವನ್ನು ಹಗುರ ಮಾಡಿಕೊಳ್ಳಲೆಂದು ಕಳೆದ ವರ್ಷ ಯುಗಾದಿಗೆ ಮೊದಲು ಟ್ರ್ಯಾಕ್ಟರಿನ ಹಿಂದೆ ಕ್ವಿಕ್ ಹಿಚ್ ಎಂಬ ಜೋಡಣೆಯ ಚೌಕಟ್ಟೊಂದನ್ನು ಮಾಡಿಸಿ ಹಾಕಿಸಿದೆ. ಅದರ ಬಗ್ಗೆ ಅನೇಕರು ಕೇಳುತ್ತಿರುವುದರಿಂದ, ಎರಡು ಮುಂಗಾರು ಹಂಗಾಮಿನ ಉಳುಮೆಯನ್ನೂ ಒಂದು ಕೊಯ್ಲನ್ನೂ ಅದರ ಜೊತೆ ಕಳೆದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲಿನ ಪಾಡು ಹೇಗಿತ್ತೆಂಬುದನ್ನು ಹೇಳದೆ ಇದರ ಗುಣದೋಷ ತಿಳಿಯುವುದಿಲ್ಲ. ಟ್ರ್ಯಾಕ್ಟರಿನ ಹಿಂಬದಿಯಲ್ಲಿ ಕೆಳಗೆ ಎರಡು ಲೋವರ್ ಲಿಂಕ್, ಮೇಲೆ ಒಂದು ಟಾಪ್ ಲಿಂಕ್, ಹೀಗೆ ಮೂರು ತೋಳುಗಳಿರುತ್ತವೆ. ಐರ್ಲೆಂಡಿನ ಹ್ಯಾರಿ ಫರ್ಗುಸನ್ ರೂಪಿಸಿ, 1939ರಲ್ಲಿ ಬಂದ ಫೋರ್ಡ್ 9ಎನ್ ಟ್ರ್ಯಾಕ್ಟರಿನ ಮೂಲಕ ಜಗತ್ತಿಗೆಲ್ಲ ಹಬ್ಬಿದ ಈ ಮೂರು ಪಾಯಿಂಟಿನ ಜೋಡಣೆ ಇಂದಿಗೂ ಮೂಲದಲ್ಲಿ ಬದಲಾಗಿಲ್ಲ. ತತ್ತ್ವವೇನೋ ಸರಳ, ಸಲಕರಣೆಯ ಎರಡು ಕೆಳಪಿನ್‌ಗಳನ್ನು ತೋಳುಗಳ ತುದಿಯ ಗುಂಡಿನ ತೂತಿಗೆ ತೂರಿಸಿ, ಮೇಲಿನ ಪಿನ್ ಹಾಕಿ, ಅವು ಜಾರದಂತೆ ತಡೆಯುವ ಲಿಂಚ್ ಪಿನ್ನನ್ನು ಮೂರಕ್ಕೂ ಸಿಕ್ಕಿಸಿದರೆ ಮುಗಿಯಿತು. ಆದರೆ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಎಷ್ಟೇ ನಾಜೂಕಾಗಿ ತಂದು ನಿಲ್ಲಿಸಿದರೂ ಆ ತೂತಿಗೂ ಪಿನ್ನಿಗೂ ಎರಡು ಬೆರಳಷ್ಟು ಅಂತರ ಉಳಿದೇ ಉಳಿಯುತ್ತದೆ. ಎಡಗಡೆಯದು ಕೂತರೆ ಬಲಗಡೆಯದು ಒಂದಂಗುಲ ಮೇಲೆ. ಬಲಗಡೆಯ ಎತ್ತರವನ್ನು ಹಿಡಿ ತಿರುಗಿಸಿ ಸರಿಮಾಡಿದರೆ ಎಡಗಡೆಯದು ಜಾರಿ ಹೊರಗೆ. ಸುಮಾರು 230 ಕಿಲೋ ತೂಗುವ ರೋಟವೇಟರನ್ನು ಹಾರೆಯಿಂದ ಮೀಟುತ್ತ ಒಬ್ಬ ನಿಂತಿರಬೇಕು, ಇನ್ನೊಬ್ಬ ಸೀಟಿನಲ್ಲಿ ಕೂತು ಹೈಡ್ರಾಲಿಕ್ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಬೇಕು. ಅಪ್ಪ ಎತ್ತಿನ ಬೇಸಾಯ ಮಾಡುತ್ತಿದ್ದ ಕಾಲದಲ್ಲಿ ನೊಗಕ್ಕೆ ಮಿಣಿ ಬಿಗಿಯುವಾಗ ‘ಹಿಂದಕ್ಕೆ ಬಾ’ ಎಂದರೆ ಎತ್ತು ಅರ್ಧ ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿತ್ತು. ಟ್ರ್ಯಾಕ್ಟರಿಗೆ ಆ ಅರ್ಧ ಹೆಜ್ಜೆಯ ಬುದ್ಧಿ ಇಲ್ಲ. ಒಬ್ಬನೇ ಇದ್ದಾಗ ಇಳಿದು ಹತ್ತಿ, ಹತ್ತಿ ಇಳಿದು ಸಾಕಾಗಿ, ಒಮ್ಮೆ ತೋಳಿನ ತುದಿಗೂ ಪಿನ್ನಿನ ಭುಜಕ್ಕೂ ನಡುವೆ ಸಿಕ್ಕಿಕೊಂಡ ನನ್ನ ಎಡಗೈ ಹೆಬ್ಬೆರಳಿನ ಉಗುರು ಕಪ್ಪಾಗಿ ಉದುರಿಹೋಯಿತು. ಕ್ವಿಕ್ ಹಿಚ್ ಹಾಕಿಸಲು ನಿಜವಾದ ಕಾರಣ ಆ ಉಗುರು. ಸಮಯ ಉಳಿಯುತ್ತದೆ ಎಂಬ ಲೆಕ್ಕವೆಲ್ಲ ಆಮೇಲೆ ಮನೆಯವರನ್ನು ಒಪ್ಪಿಸಲು ಹಾಕಿದ್ದು.

ಕ್ವಿಕ್ ಹಿಚ್ ಎಂದರೆ ತಲೆಕೆಳಗಾದ ಯು ಆಕಾರದ ಒಂದು ಗಟ್ಟಿ ಕಬ್ಬಿಣದ ಚೌಕಟ್ಟು. ಟ್ರ್ಯಾಕ್ಟರಿನ ಮೂರೂ ತೋಳುಗಳಿಗೆ ಇದನ್ನು ಒಮ್ಮೆ ಕಟ್ಟಿ ಅಲ್ಲೇ ಬಿಟ್ಟುಬಿಡಬೇಕು. ಚೌಕಟ್ಟಿನ ಹಿಂಬದಿಯಲ್ಲಿ, ನೆತ್ತಿಯ ಮೇಲೆ ಮೇಲ್ಮುಖವಾದ ಒಂದು ಕೊಕ್ಕೆಯೂ ಎರಡು ಕಾಲುಗಳ ಬುಡದಲ್ಲಿ ಬಾಯಿ ತೆರೆದ ಎರಡು ತೊಟ್ಟಿಲುಗಳೂ ಇರುತ್ತವೆ. ತೊಟ್ಟಿಲಿಗೆ ಪಿನ್ ಬಂದು ಕೂತ ಕೂಡಲೇ ಸ್ಪ್ರಿಂಗ್ ಹಾಕಿದ ನಾಲಿಗೆಯೊಂದು ಅದರ ಮೇಲೆ ಮುಚ್ಚಿಕೊಳ್ಳುತ್ತದೆ. ಸಲಕರಣೆಯನ್ನು ಬಿಡಿಸಬೇಕಾದಾಗ ಈ ನಾಲಿಗೆಗಳ ಹಿಡಿಗಳನ್ನು ಮೇಲೆತ್ತಿಟ್ಟು, ಹೈಡ್ರಾಲಿಕ್ ಇಳಿಸಿ, ಟ್ರ್ಯಾಕ್ಟರನ್ನು ಮುಂದೆ ಓಡಿಸಿದರಾಯಿತು. ಇದೇ ಕೆಲಸಕ್ಕೆ ತ್ರಿಕೋನಾಕಾರದ, ಎ ಅಕ್ಷರದಂಥ ಇನ್ನೊಂದು ಬಗೆಯೂ ಇದೆ. ಅದರಲ್ಲಿ ಟ್ರ್ಯಾಕ್ಟರಿಗೊಂದು ತ್ರಿಕೋನ, ಸಲಕರಣೆಗೊಂದು ತ್ರಿಕೋನ. ಒಂದರೊಳಗೊಂದು ಕೂರುತ್ತದೆ, ಮೇಲೆ ಒಂದೇ ಚಿಲಕ. ಜೋಡಿಸುವ ಸುಖದಲ್ಲಿ ಎ ಬಗೆಯೇ ಒಂದು ಕೈ ಮೇಲು ಎಂದು ನನಗೆ ಅನ್ನಿಸಿದರೂ ಪ್ರತಿಯೊಂದು ಸಲಕರಣೆಗೂ ತ್ರಿಕೋನ ಬೆಸೆಸಲೇಬೇಕಾಗುತ್ತದೆ, ಪಕ್ಕದ ತೋಟದವರ ಕಲ್ಟಿವೇಟರನ್ನು ಒಂದು ದಿನಕ್ಕೆಂದು ತಂದರೆ ಅದನ್ನು ಕಟ್ಟುವ ದಾರಿಯೇ ಇರುವುದಿಲ್ಲ ಎಂಬ ಕಾರಣಕ್ಕೆ ಅದನ್ನು ಕೈಬಿಟ್ಟೆ.

ಆನ್‌ಲೈನಿನಲ್ಲಿ ಸಿಗುವ ಸಿದ್ಧ ಚೌಕಟ್ಟುಗಳನ್ನು ಕೊಳ್ಳುವ ಮೊದಲು ಟೇಪು ಹಿಡಿಯಬೇಕು. ಮಿನಿ ಟ್ರ್ಯಾಕ್ಟರುಗಳು ಸಾಮಾನ್ಯವಾಗಿ ಒಂದನೇ ಕ್ಯಾಟಗರಿಯ ಜೋಡಣೆಯವು. ಕೆಳಪಿನ್ 22 ಮಿಲಿಮೀಟರ್, ಮೇಲಿನ ಪಿನ್ 19 ಮಿಲಿಮೀಟರ್, ಕೆಳಗಿನ ಎರಡು ಪಿನ್‌ಗಳ ನಡುವೆ 683 ಮಿಲಿಮೀಟರ್, ಕೆಳಪಿನ್ನಿನಿಂದ ಮೇಲಿನ ಪಿನ್ನಿಗೆ 460 ಮಿಲಿಮೀಟರ್ ಎತ್ತರ. ಆದರೆ ಅಮೆರಿಕದ ಮಾರುಕಟ್ಟೆಗೆಂದು ಮಾಡಿದ ಕ್ವಿಕ್ ಹಿಚ್‌ಗಳಲ್ಲಿ ಈ ಎತ್ತರ ಸಾಮಾನ್ಯವಾಗಿ 15 ಅಂಗುಲ, ಅಂದರೆ 381 ಮಿಲಿಮೀಟರ್ ಮಾತ್ರ. ಎಂಟು ಸೆಂಟಿಮೀಟರಿನ ಈ ವ್ಯತ್ಯಾಸ ಚಿತ್ರದಲ್ಲಿ ಕಾಣುವುದಿಲ್ಲ, ಮನೆಗೆ ಬಂದ ಮೇಲೆ ಕಾಣುತ್ತದೆ. ದೊಡ್ಡ ಟ್ರ್ಯಾಕ್ಟರುಗಳ ಎರಡನೇ ಕ್ಯಾಟಗರಿಯ ಸಲಕರಣೆಗಳಲ್ಲಂತೂ ಕೆಳಪಿನ್ 28 ಮಿಲಿಮೀಟರ್, ಅಗಲ 825 ಮಿಲಿಮೀಟರ್ ಇರುವುದರಿಂದ ಅವು ನಮ್ಮ ಚೌಕಟ್ಟಿನ ಹತ್ತಿರವೂ ಸುಳಿಯುವುದಿಲ್ಲ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ತರುವ ಆಲೋಚನೆ ಇದ್ದವರು ಇದನ್ನು ನೆನಪಿಡಬೇಕು.

ಹೀಗಾಗಿ ಸಿದ್ಧ ವಸ್ತುವಿನ ಸಹವಾಸ ಬೇಡವೆಂದು ಟ್ರಾಲಿ ಮತ್ತು ಕಲ್ಟಿವೇಟರ್ ಮಾಡುವ ಒಂದು ವರ್ಕ್‌ಶಾಪಿನಲ್ಲಿ ಅಳತೆ ಕೊಟ್ಟು ಮಾಡಿಸಿದೆ. ಅರವತ್ತು ಮಿಲಿಮೀಟರಿನ ಚೌಕ ಪೈಪು, ತೊಟ್ಟಿಲು ಮತ್ತು ಕೊಕ್ಕೆಗೆ ದಪ್ಪ ತಟ್ಟೆ. ಅಡಿಕೆ ತೂಗುವ ತಕ್ಕಡಿಯಲ್ಲಿಟ್ಟು ನೋಡಿದಾಗ ಒಟ್ಟು 32 ಕಿಲೋ ತೂಗಿತು. ಚೌಕಟ್ಟಿಗೆ 13,500 ರೂಪಾಯಿ ತೆಗೆದುಕೊಂಡರು. ಬೆಸುಗೆ ಚೊಕ್ಕವಾಗಿದೆ, ಚೌಕಟ್ಟು ಎಲ್ಲೂ ಬಾಗಿಲ್ಲ, ಬಿರುಕು ಬಿಟ್ಟಿಲ್ಲ. ಬಣ್ಣ ಮಾತ್ರ ಮೊದಲ ಮಳೆಗೇ ಎದ್ದುಹೋಯಿತು. ತೊಟ್ಟಿಲಿನೊಳಗೆ ಹೇಗೂ ಲೋಹಕ್ಕೆ ಲೋಹ ಉಜ್ಜುವ ಜಾಗವಾದ್ದರಿಂದ ಅಲ್ಲಿ ಬಣ್ಣ ನಿಲ್ಲಬೇಕೆಂದು ಬಯಸುವುದೂ ತಪ್ಪೇ.

ಚೌಕಟ್ಟು ಮನೆಗೆ ಬಂದ ಸಂಜೆ ಐದೂ ಸಲಕರಣೆಗಳನ್ನು ಸಾಲಾಗಿ ನಿಲ್ಲಿಸಿ ಅಳೆದಾಗ ನನಗೆ ಮೊದಲ ಪಾಠವಾಯಿತು. ರೋಟವೇಟರು ಮತ್ತು ಸ್ಲಾಷರು ಕಂಪನಿಯಲ್ಲಿ ತಯಾರಾದವು. ಅವುಗಳ ಮಾಸ್ಟ್ ಎತ್ತರ, ಅಂದರೆ ಕೆಳಪಿನ್ನಿನಿಂದ ಮೇಲಿನ ಪಿನ್ನಿಗಿರುವ ಎತ್ತರ, 460ರ ಆಸುಪಾಸಿನಲ್ಲೇ ಇತ್ತು. ಆದರೆ ಊರಿನಲ್ಲಿ ಮಾಡಿಸಿದ ಕಲ್ಟಿವೇಟರಿನದು 410, ಬ್ಲೇಡಿನದು 430, ಸ್ಪ್ರೇಯರಿನದು 380. ಕಲ್ಟಿವೇಟರಿನ ಕೆಳಪಿನ್‌ಗಳ ಅಗಲ 655 ಮಿಲಿಮೀಟರ್ ಮಾತ್ರ. ಮೂರು ತೋಳುಗಳಿಗೆ ಬಿಡಿಬಿಡಿಯಾಗಿ ಕಟ್ಟುವಾಗ ಈ ಏರುಪೇರುಗಳೆಲ್ಲ ಟಾಪ್ ಲಿಂಕನ್ನು ನಾಲ್ಕು ಸುತ್ತು ತಿರುಗಿಸಿದರೆ, ತೋಳನ್ನು ಮೊಣಕಾಲಿನಿಂದ ಒತ್ತಿದರೆ ಮುಚ್ಚಿಹೋಗುತ್ತಿದ್ದವು. ಗಟ್ಟಿ ಚೌಕಟ್ಟಿಗೆ ಆ ದಾಕ್ಷಿಣ್ಯವಿಲ್ಲ. ವರ್ಕ್‌ಶಾಪಿನವರು ಮುಂದಾಲೋಚನೆಯಿಂದ ಮೇಲಿನ ಕೊಕ್ಕೆಯನ್ನು ಮೂರು ಎತ್ತರಗಳಲ್ಲಿ ಕೂರಿಸುವಂತೆ ತೂತುಗಳನ್ನು ಕೊಟ್ಟಿದ್ದರು ನಿಜ. ಆದರೆ ಪ್ರತಿ ಸಲ ಸಲಕರಣೆ ಬದಲಾಯಿಸುವಾಗಲೂ ಸ್ಪ್ಯಾನರ್ ಹಿಡಿದು ಕೊಕ್ಕೆ ಬದಲಾಯಿಸುವುದಾದರೆ ‘ಕ್ವಿಕ್’ ಎಂಬ ಹೆಸರಿಗೆ ಅರ್ಥವೇನು? ಕೊನೆಗೆ ಕಲ್ಟಿವೇಟರ್, ಬ್ಲೇಡು, ಸ್ಪ್ರೇಯರ್ ಮೂರನ್ನೂ ಅದೇ ವರ್ಕ್‌ಶಾಪಿಗೆ ಸಾಗಿಸಿ, ಮಾಸ್ಟುಗಳನ್ನು 460ಕ್ಕೆ ಎತ್ತರಿಸಿ, ಕಲ್ಟಿವೇಟರಿನ ಪಿನ್‌ಗಳ ಅಗಲವನ್ನೂ ತಿದ್ದಿಸಿದೆ. ಅದಕ್ಕೆ 4,200 ರೂಪಾಯಿ.

ಅಷ್ಟಕ್ಕೇ ಮುಗಿಯಲಿಲ್ಲ. ಕ್ವಿಕ್ ಹಿಚ್ಚಿನ ತೊಟ್ಟಿಲು ಪಿನ್ನಿಗಿಂತ ದೊಡ್ಡದಾಗಿರುತ್ತದೆ. 22 ಮಿಲಿಮೀಟರಿನ ಪಿನ್ನು ಅದರೊಳಗೆ ಗಡಿಗೆಯಲ್ಲಿ ಗೋಲಿ ಇದ್ದಂತೆ ಅಲುಗಾಡುತ್ತದೆ. ಆದ್ದರಿಂದ ಪ್ರತಿ ಪಿನ್ನಿಗೂ ಬುಷ್ ಎಂಬ ಬಳೆಯಂಥ ತುಂಡನ್ನು ತೊಡಿಸಬೇಕು. ರೂಢಿಯ ಅಳತೆಯಂತೆ ಕೆಳಗಿನವಕ್ಕೆ ಹೊರವ್ಯಾಸ 36.5 ಮಿಲಿಮೀಟರ್, ಮೇಲಿನದಕ್ಕೆ ಸುಮಾರು 32 ಮಿಲಿಮೀಟರ್. ಐದು ಸಲಕರಣೆಗಳಿಗೆ ಹದಿನೈದು ಬುಷ್‌ಗಳನ್ನು ಲೇಥಿನಲ್ಲಿ ತಿರುಗಿಸಿ ಕೊಡಲು ಒಂದಕ್ಕೆ 250ರಂತೆ 3,750 ರೂಪಾಯಿ ಆಯಿತು. ಅಂಗಡಿಯಲ್ಲಿ ಚೌಕಟ್ಟಿನ ಬೆಲೆ ಮಾತ್ರ ಹೇಳುತ್ತಾರೆ. ಬುಷ್ಷಿನ ಮಾತು ಯಾರೂ ಎತ್ತುವುದಿಲ್ಲ. ಆದರೆ ಬುಷ್ ಇಲ್ಲದೆ ಓಡಿಸಿದರೆ ಹೊಲದಲ್ಲಿ ಗಡಗಡ ಸದ್ದು, ಒಂದೇ ಹಂಗಾಮಿನಲ್ಲಿ ತೊಟ್ಟಿಲು ಸವೆತ, ನಾಲಿಗೆಯ ಮೇಲೆ ಬೇಡದ ಹೊಡೆತ. ಮೊದಲ ವಾರ ಕಲ್ಟಿವೇಟರನ್ನು ಬುಷ್ ಇಲ್ಲದೆ ಅರ್ಧ ದಿನ ಓಡಿಸಿ ನೋಡಿದವನ ಮಾತಿದು.

ಇನ್ನು ಬಳಕೆಗೆ ಬರುತ್ತೇನೆ. ಇದರಲ್ಲಿ ಒಂದು ಕ್ರಮವಿದೆ, ಅದು ಕೈಗೆ ಹತ್ತಲು ನನಗೆ ಎರಡು ವಾರ ಬೇಕಾಯಿತು. ತೋಳುಗಳನ್ನು ಇಕ್ಕೆಲಗಳಲ್ಲಿ ಹಿಡಿಯುವ ಚೆಕ್ ಚೈನುಗಳನ್ನು ಮೊದಲು ಬಿಗಿ ಮಾಡಬೇಕು, ಇಲ್ಲವಾದರೆ ಚೌಕಟ್ಟು ಉಯ್ಯಾಲೆಯಂತೆ ತೂಗುತ್ತ ಗುರಿ ತಪ್ಪಿಸುತ್ತದೆ. ಚೌಕಟ್ಟನ್ನು ತಗ್ಗಿಸಿಕೊಂಡು, ನೇರವಾಗಿ ಹಿಂದಕ್ಕೆ ಬಂದು, ಮೇಲಿನ ಕೊಕ್ಕೆಯು ಸಲಕರಣೆಯ ಮೇಲಿನ ಪಿನ್ನಿನ ಕೆಳಗೆ ಬಂದಿತೆಂದು ಕಂಡಾಗ ನಿಲ್ಲಿಸಬೇಕು. ಸೀಟಿನಿಂದ ಕುತ್ತಿಗೆ ತಿರುಗಿಸಿದರೆ ಕಾಣುವುದು ಈ ಕೊಕ್ಕೆಯೊಂದೇ. ಕೆಳಗಿನವು ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಹೈಡ್ರಾಲಿಕ್ ಕಡ್ಡಿಯನ್ನು ನಿಧಾನವಾಗಿ ಮೇಲೆಳೆದರೆ ಕೊಕ್ಕೆ ಪಿನ್ನನ್ನು ಹಿಡಿದೆತ್ತುತ್ತದೆ, ಸಲಕರಣೆ ತನ್ನ ಭಾರಕ್ಕೆ ತಾನೇ ಚೌಕಟ್ಟಿನತ್ತ ವಾಲುತ್ತದೆ, ಮತ್ತು ಒಂದರ ಹಿಂದೆ ಒಂದರಂತೆ ಎರಡು ಸಲ ‘ಟಕ್, ಟಕ್’ ಎಂದು ನಾಲಿಗೆಗಳು ಮುಚ್ಚಿಕೊಳ್ಳುತ್ತವೆ. ಎರಡು ಸದ್ದು ಕೇಳಬೇಕು. ಒಂದೇ ಕೇಳಿದರೆ ಇಳಿದು ನೋಡಬೇಕು. ಎಂಜಿನ್ನಿನ ಸದ್ದಿನಲ್ಲಿ ಎರಡನೆಯದು ಕೇಳಿಸಿತೆಂದು ನಂಬಿಕೊಂಡು ಹೊರಡುವುದು ಬೇಡ. ನಾನು ಪ್ರತಿ ಸಲವೂ ಇಳಿದು ಎರಡೂ ಹಿಡಿಗಳನ್ನು ಕೈಯಿಂದ ಒತ್ತಿ ನೋಡುತ್ತೇನೆ.

ಫೋನಿನಲ್ಲಿ ಸಮಯ ಹಿಡಿದು ನೋಡಿದ್ದೇನೆ. ಕಲ್ಟಿವೇಟರ್ ಕಟ್ಟಲು ಮೊದಲು ಒಬ್ಬನಿಗೆ ಎಂಟರಿಂದ ಹತ್ತು ನಿಮಿಷ ಹಿಡಿಯುತ್ತಿತ್ತು, ಈಗ ಒಂದು ನಿಮಿಷ ಸಾಕು. ಬ್ಲೇಡಿನದೂ ಹಾಗೆಯೇ. ಆದರೆ ರೋಟವೇಟರ್ ಮತ್ತು ಸ್ಲಾಷರಿನ ಲೆಕ್ಕ ಬೇರೆ. ಮೊದಲಿನ ಹದಿನೈದು ನಿಮಿಷ ಈಗ ಆರಕ್ಕೆ ಇಳಿದಿದೆ, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಕಾರಣ ಪಿ.ಟಿ.ಒ. ಶಾಫ್ಟು, ಅಂದರೆ ಎಂಜಿನ್ನಿನ ತಿರುಗುಬಲವನ್ನು ಸಲಕರಣೆಗೆ ಒಯ್ಯುವ ದಂಡ. ಚೌಕಟ್ಟು ಎಷ್ಟೇ ಚುರುಕಾಗಿ ಸಲಕರಣೆಯನ್ನು ಹಿಡಿದರೂ, ಶಾಫ್ಟನ್ನು ಕೈಯಾರೆ ಎತ್ತಿ, ಆರು ಹಲ್ಲಿನ ತುದಿಗೆ ಹೊಂದಿಸಿ, ಗುಂಡಿ ಒತ್ತಿ ಒಳಕ್ಕೆ ತಳ್ಳಿ, ‘ಕಟ್’ ಎನ್ನುವವರೆಗೆ ಹಿಂದೆಮುಂದೆ ಎಳೆದಾಡುವ ಕೆಲಸ ಹಾಗೆಯೇ ಉಳಿಯುತ್ತದೆ. ಅದೂ ಈಗ ಚೌಕಟ್ಟಿನ ಎರಡು ಕಾಲುಗಳ ನಡುವೆ ಕೈ ತೂರಿಸಿ ಮಾಡಬೇಕಾಗಿರುವುದರಿಂದ ಮೊದಲಿಗಿಂತ ತುಸು ಇಕ್ಕಟ್ಟು. ಜಾಹೀರಾತಿನ ವಿಡಿಯೊಗಳಲ್ಲಿ ‘ಸೀಟಿನಿಂದ ಇಳಿಯದೆಯೇ’ ಎಂದು ತೋರಿಸುವಾಗ ಬ್ಲೇಡನ್ನೋ ಪೆಟ್ಟಿಗೆಯನ್ನೋ ಕಟ್ಟಿ ತೋರಿಸುತ್ತಾರೆಯೇ ಹೊರತು ರೋಟವೇಟರನ್ನು ತೋರಿಸಿದ್ದನ್ನು ನಾನಂತೂ ಕಂಡಿಲ್ಲ.

ಶಾಫ್ಟಿನ ವಿಷಯದಲ್ಲಿ ಇನ್ನೂ ಗಂಭೀರವಾದ ಒಂದು ಮಾತಿದೆ. ಚೌಕಟ್ಟು ಮಧ್ಯೆ ಬಂದುದರಿಂದ ಪ್ರತಿ ಸಲಕರಣೆಯೂ ಟ್ರ್ಯಾಕ್ಟರಿನಿಂದ ಸುಮಾರು 10 ಸೆಂಟಿಮೀಟರ್ ಹಿಂದಕ್ಕೆ ಹೋಗುತ್ತದೆ. ಪಿ.ಟಿ.ಒ. ಶಾಫ್ಟು ಒಂದರೊಳಗೊಂದು ಜಾರುವ ಎರಡು ಕೊಳವೆಗಳಿಂದಾದದ್ದು. ಸಲಕರಣೆ ಹಿಂದೆ ಸರಿದಷ್ಟೂ ಒಳಗಿನ ಕೊಳವೆ ಹೊರಬರುತ್ತದೆ, ಅಂದರೆ ಎರಡೂ ಒಂದರೊಳಗೊಂದು ಕೂತಿರುವ ಉದ್ದ ಕಡಿಮೆಯಾಗುತ್ತದೆ. ಆ ಉದ್ದ ಕೊಳವೆಯ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾಗಬಾರದೆಂಬುದು ರೂಢಿಯ ನಿಯಮ. ನನ್ನ ರೋಟವೇಟರಿನ ಶಾಫ್ಟನ್ನು ಕೊಂಡಾಗಲೇ ನನ್ನ ಟ್ರ್ಯಾಕ್ಟರಿಗೆ ಸರಿಹೊಂದುವಂತೆ ಕತ್ತರಿಸಿ ಕೊಟ್ಟಿದ್ದರು. ಹೊಸ ಚೌಕಟ್ಟಿಗೆ ಕಟ್ಟಿ, ಕೊಳವೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕಿ, ಬಿಚ್ಚಿ ಅಳೆದು ನೋಡಿದರೆ ಉಳಿದಿದ್ದುದು ಐದು ಬೆರಳಗಲದಷ್ಟು ಮಾತ್ರ. ಅಷ್ಟನ್ನು ನಂಬಿಕೊಂಡು ನಿಮಿಷಕ್ಕೆ 540 ಸುತ್ತಿನಲ್ಲಿ ಓಡಿಸಿ, ಬದುವಿನ ಮೇಲೆ ಹತ್ತುವಾಗಲೋ ಇಳಿಯುವಾಗಲೋ ಕೊಳವೆ ಪೂರ್ತಿ ಕಳಚಿಕೊಂಡರೆ, ತಿರುಗುತ್ತಿರುವ ಆ ಕಬ್ಬಿಣದ ದೊಣ್ಣೆ ಯಾರನ್ನೂ ನೋಡುವುದಿಲ್ಲ. ಎರಡೂ ಶಾಫ್ಟುಗಳಿಗೆ ಉದ್ದದ ಕೊಳವೆ ಜೋಡಿಗಳನ್ನು ಹಾಕಿಸಲು 5,800 ರೂಪಾಯಿ ತೆತ್ತೆ. ಅತಿ ಉದ್ದವಾದರೂ ಅಪಾಯವೇ. ಸಲಕರಣೆಯನ್ನು ಎತ್ತಿ ಇಳಿಸುವ ದಾರಿಯಲ್ಲಿ ಎಲ್ಲಿ ಅಂತರ ಅತಿ ಕಡಿಮೆಯಾಗುತ್ತದೆಯೋ ಅಲ್ಲಿ ಕೊಳವೆಯ ತುದಿ ತಳಕ್ಕೆ ಬಡಿದು ಗೇರ್‌ಬಾಕ್ಸಿನ ಬೇರಿಂಗನ್ನು ಹಾಳುಮಾಡುತ್ತದೆ. ಆದ್ದರಿಂದ ಸಲಕರಣೆಯನ್ನು ಪೂರ್ತಿ ಇಳಿಸಿ, ಪೂರ್ತಿ ಎತ್ತಿ, ನಡುವೆಯೂ ನಿಲ್ಲಿಸಿ, ಎಂಜಿನ್ ಆರಿಸಿಕೊಂಡು ಅಳೆದೇ ಕತ್ತರಿಸಬೇಕು.

ಆ ಹತ್ತು ಸೆಂಟಿಮೀಟರು ಇನ್ನೂ ಎರಡು ಕಡೆ ತನ್ನ ಬಾಕಿ ವಸೂಲು ಮಾಡುತ್ತದೆ. ಒಂದು, ತೂಕದಲ್ಲಿ. ನನ್ನ ಟ್ರ್ಯಾಕ್ಟರಿನ ಎತ್ತುವ ಸಾಮರ್ಥ್ಯ 750 ಕಿಲೋ ಇರುವುದರಿಂದ 230 ಕಿಲೋದ ರೋಟವೇಟರನ್ನು ಎತ್ತುವುದೇನೂ ದೊಡ್ಡದಲ್ಲ. ಆದರೆ ರೋಟವೇಟರ್ 10 ಸೆಂಟಿಮೀಟರ್ ಹಿಂದೆ ಹೋದುದು ಮತ್ತು 32 ಕಿಲೋದ ಚೌಕಟ್ಟು ಹಿಂದಿನ ಅಚ್ಚಿನಿಂದ ಮುಕ್ಕಾಲು ಮೀಟರ್ ಹೊರಗೆ ನೇತಾಡುತ್ತಿರುವುದು, ಇವೆರಡನ್ನೂ ಸೇರಿಸಿ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಒಂದೂವರೆ ಮೀಟರಿನಿಂದ ಭಾಗಿಸಿದರೆ ಮುಂದಿನ ಚಕ್ರಗಳ ಮೇಲಿನ ಭಾರ ಸುಮಾರು 30 ಕಿಲೋ ಕಡಿಮೆಯಾಗುತ್ತದೆ. ಮಟ್ಟಸವಾದ ಹೊಲದಲ್ಲಿ ಇದು ಗೊತ್ತೇ ಆಗುವುದಿಲ್ಲ. ತೋಟದಿಂದ ಹೊಲಕ್ಕೆ ಹತ್ತುವ ನಮ್ಮ ಕಡಿದಾದ ದಿಬ್ಬದಲ್ಲಿ ಮಾತ್ರ ಸ್ಟೀರಿಂಗ್ ಕೈಗೆ ಹಗುರಾಗಿ ಬಂದಾಗ ಗೊತ್ತಾಯಿತು. ಮುಂಭಾಗಕ್ಕೆ ಎರಡು ತೂಕದ ಕಲ್ಲು ಸೇರಿಸಿದ ಮೇಲೆ ಸರಿಹೋಗಿದೆ. ಇದಕ್ಕಿಂತ ಚಿಕ್ಕ, 18 ಅಶ್ವಶಕ್ತಿಯ ಆಸುಪಾಸಿನ ಟ್ರ್ಯಾಕ್ಟರು ಇರುವವರು ಈ ಲೆಕ್ಕವನ್ನು ಕೊಳ್ಳುವ ಮೊದಲೇ ಹಾಕಿ ನೋಡುವುದು ಒಳ್ಳೆಯದು. ಇನ್ನೊಂದು, ತಿರುವಿನಲ್ಲಿ. ಅಡಿಕೆ ಸಾಲುಗಳ ನಡುವಿನ ಅಂತರ ಒಂಬತ್ತು ಅಡಿ. ಸಾಲಿನ ಕೊನೆಯಲ್ಲಿ ತಿರುಗುವಾಗ ಸ್ಲಾಷರಿನ ಬಾಲ ಮೊದಲಿಗಿಂತ ಒಂದು ಗೇಣಿನ ಅರ್ಧದಷ್ಟು ಹೆಚ್ಚು ಹೊರಕ್ಕೆ ಬೀಸುತ್ತದೆ. ಹಳೆಯ ಅಂದಾಜಿನಲ್ಲೇ ತಿರುಗಿಸಿ ಮೊದಲ ತಿಂಗಳು ಎರಡು ಮರಗಳ ಬುಡದ ತೊಗಟೆ ಕೆತ್ತಿಸಿದ್ದೇನೆ. ಕಣ್ಣಿಗೆ ಹೊಸ ಅಳತೆ ಕೂರುವವರೆಗೆ ಅಂಚಿನ ಮರಗಳ ಪಾಡು ಅಷ್ಟೇ.

ಈ ಅವಧಿಯಲ್ಲಿ ನಿಜವಾಗಿ ಹೆದರಿಸಿದ ಘಟನೆ ಒಂದೇ. ಕಳೆದ ಶ್ರಾವಣದಲ್ಲಿ ತೋಟದೊಳಗೆ ಹುಲ್ಲು ಸವರುತ್ತಿದ್ದಾಗ ಬಿದ್ದಿದ್ದ ಸೋಗೆಯೊಂದರ ದಂಟು ಹಿಂದಿನ ಚಕ್ರಕ್ಕೆ ಸಿಕ್ಕಿ, ಮೇಲೆದ್ದು, ಚೌಕಟ್ಟಿನ ಎಡಗಡೆಯ ಹಿಡಿಯ ಕೆಳಗೆ ತೂರಿ ಅದನ್ನು ಮೇಲಕ್ಕೆ ಎತ್ತಿಬಿಟ್ಟಿತು. ನಾಲಿಗೆ ತೆರೆದುಕೊಂಡಿತು. ಮುಂದಿನ ಹಳ್ಳಕ್ಕೆ ಚಕ್ರ ಇಳಿದಾಗ ಸ್ಲಾಷರಿನ ಎಡ ಪಿನ್ನು ತೊಟ್ಟಿಲಿನಿಂದ ಎಗರಿ, ಸ್ಲಾಷರು ಓರೆಯಾಗಿ ಒಂದು ಮೂಲೆಯಲ್ಲಿ ನೆಲಕ್ಕೆ ಕುಸಿಯಿತು. ನಿಧಾನವಾಗಿ ಹೋಗುತ್ತಿದ್ದುದರಿಂದಲೂ ಕ್ಲಚ್ ಕೂಡಲೇ ಒತ್ತಿದ್ದರಿಂದಲೂ ಶಾಫ್ಟಿನ ಕಾವಲು ಕವಚ ಒಡೆದದ್ದು ಬಿಟ್ಟರೆ ಹೆಚ್ಚಿನ ಹಾನಿಯಾಗಲಿಲ್ಲ. ವರ್ಕ್‌ಶಾಪಿಗೆ ಹೋಗಿ ತೋರಿಸಿದಾಗ ಅವರು ಇನ್ನೂ ಗಟ್ಟಿಯಾದ ಸ್ಪ್ರಿಂಗ್ ಹಾಕಿಕೊಟ್ಟರು. ಆದರೆ ಅದು ಪರಿಹಾರವೆಂದು ನನಗೆ ಅನ್ನಿಸಲಿಲ್ಲ. ಸ್ಪ್ರಿಂಗ್ ಎಷ್ಟು ಗಟ್ಟಿಯಾದರೂ ಹಿಡಿಯನ್ನು ಎತ್ತಬಲ್ಲ ಬಲವೊಂದು ಬಂದರೆ ಅದು ಏಳುತ್ತದೆ. ಹಿಡಿಗೂ ಚೌಕಟ್ಟಿಗೂ ಒಟ್ಟಿಗೆ 8 ಮಿಲಿಮೀಟರಿನ ತೂತು ಕೊರೆಸಿ, ಸಲಕರಣೆ ಕಟ್ಟಿದ ಮೇಲೆ ಎರಡೂ ಕಡೆ ಲಿಂಚ್ ಪಿನ್ ಹಾಕುವ ಏರ್ಪಾಡು ಮಾಡಿಕೊಂಡೆ. ಲಿಂಚ್ ಪಿನ್ನಿನ ಕಾಟ ತಪ್ಪಲೆಂದು ಮಾಡಿಸಿದ ಚೌಕಟ್ಟಿಗೆ ಲಿಂಚ್ ಪಿನ್ನನ್ನೇ ಹಾಕುವಂತಾಯಿತಲ್ಲ ಎಂದು ಮನೆಯಲ್ಲಿ ನಕ್ಕರು. ನಗಲಿ. ತೋಟದ ಕೆಲಸಕ್ಕೆ ಕ್ವಿಕ್ ಹಿಚ್ ಮಾಡಿಸುವವರು, ಸೋಗೆ, ಬಳ್ಳಿ, ಹನಿ ನೀರಾವರಿಯ ಪೈಪು ಇವೆಲ್ಲ ನೆಲದಲ್ಲಿ ಬಿದ್ದಿರುವ ಕಡೆ ಓಡಿಸುವವರು, ಈ ತೂತನ್ನು ಮೊದಲೇ ಕೊರೆಸಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ನೆಲದ ಮಾತನ್ನೂ ಹೇಳಿಬಿಡುತ್ತೇನೆ. ಸಲಕರಣೆ ಮಟ್ಟವಾಗಿ, ನೆಟ್ಟಗೆ ನಿಂತಿದ್ದರೆ ಮಾತ್ರ ಚೌಕಟ್ಟು ಅದನ್ನು ಒಂದೇ ಏಟಿಗೆ ಹಿಡಿಯುತ್ತದೆ. ಬೇಸಿಗೆಯಲ್ಲಿ ಶೆಡ್ಡಿನ ಮುಂದಿನ ಮಣ್ಣಿನ ಮೇಲೆಯೇ ಬಿಟ್ಟು ಹೋಗುತ್ತಿದ್ದೆ, ಎಲ್ಲವೂ ಚೆನ್ನಾಗಿತ್ತು. ಜೂನ್ ಮಳೆಗೆ ಮಣ್ಣು ಮೆತ್ತಗಾಗಿ ರೋಟವೇಟರಿನ ಒಂದು ಬದಿ ನಾಲ್ಕು ಬೆರಳು ಹೂತುಹೋದಾಗ ಮತ್ತೆ ಹಾರೆ ಹೊರಗೆ ಬಂತು. ಆಮೇಲೆ ಹತ್ತು ಅಡಿ ಅಗಲದ ಸಿಮೆಂಟ್ ಹಾಸು ಹಾಕಿಸಿ, ಕಲ್ಟಿವೇಟರಿಗೆ ಕಬ್ಬಿಣದ ಕೋನಪಟ್ಟಿಯ ಎರಡು ಊರುಗಾಲು ಮಾಡಿಸಿದ್ದೇನೆ. ಸ್ಪ್ರೇಯರನ್ನು ಖಾಲಿ ಇದ್ದಾಗಲೇ ಕಟ್ಟುವುದು ಲೇಸು. ತುಂಬಿದ ಟ್ಯಾಂಕಿನಲ್ಲಿ ನೀರು ಹೊಯ್ದಾಡುವುದರಿಂದ ಕೊಕ್ಕೆ ಹಿಡಿದ ಕೂಡಲೇ ಅದು ವಾಲುವ ರೀತಿ ಕಾಣಲು ಚೆನ್ನಾಗಿರುವುದಿಲ್ಲ.

ಹಾಸಿನ ಖರ್ಚನ್ನು ಬಿಟ್ಟು ಲೆಕ್ಕ ಹಾಕಿದರೆ ಚೌಕಟ್ಟು, ಬುಷ್, ಬೆಸುಗೆ, ಶಾಫ್ಟು ಸೇರಿ 27,250 ರೂಪಾಯಿ. ಅದರಲ್ಲಿ ಚೌಕಟ್ಟಿನ ಪಾಲು ಅರ್ಧಕ್ಕೂ ಸ್ವಲ್ಪ ಕಡಿಮೆ. ಉಳಿದದ್ದೆಲ್ಲ ಹಳೆಯ ಸಲಕರಣೆಗಳನ್ನು ಒಂದೇ ಅಳತೆಗೆ ತರಲು ಹೋಯಿತು. ವರ್ಷವಿಡೀ ರೋಟವೇಟರನ್ನು ಬಿಚ್ಚದೆ ಇಟ್ಟುಕೊಳ್ಳುವವರಿಗೆ ಇದು ದಂಡದ ಖರ್ಚು. ಇರುವ ಎರಡು ಸಲಕರಣೆಗಳೂ ಪಿ.ಟಿ.ಒ.ದಿಂದ ಓಡುವವಾದರೂ ನಾನು ಬೇಡವೆಂದೇ ಹೇಳುತ್ತೇನೆ. ನಾಲ್ಕೈದು ಸಲಕರಣೆಗಳನ್ನು ವಾರಕ್ಕೆರಡು ಸಲವಾದರೂ ಬದಲಾಯಿಸುವವರಿಗೆ, ಅದಕ್ಕೂ ಹೆಚ್ಚಾಗಿ ಆಳಿಲ್ಲದೆ ಒಬ್ಬರೇ ಕೆಲಸ ಮಾಡುವವರಿಗೆ, ಇದು ಕೊಟ್ಟ ಹಣಕ್ಕೆ ಮೋಸವಿಲ್ಲದ ವಸ್ತು. ಉಳಿದ ನಿಮಿಷಗಳನ್ನು ಕೂಡಿಸಿದರೆ ಒಂದು ವರ್ಷಕ್ಕೆ ಎರಡು ದಿನದ ಕೆಲಸವೂ ಆಗುವುದಿಲ್ಲ. ನನಗೆ ಸಿಕ್ಕ ಲಾಭವೆಂದರೆ ‘ಒಂದು ಗಳಿಗೆ ಬಂದು ಹಾರೆ ಹಿಡಿ’ ಎಂದು ಯಾರನ್ನೂ ಕರೆಯಬೇಕಾಗಿಲ್ಲ ಎಂಬುದು. ಹಿಂದೆ ಬದಲಾಯಿಸುವ ಬೇಸರಕ್ಕೇ ಸ್ಲಾಷರ್ ಕಟ್ಟದೆ ಹುಲ್ಲನ್ನು ಇನ್ನೊಂದು ವಾರ ಬೆಳೆಯಲು ಬಿಡುತ್ತಿದ್ದೆ. ಈ ವರ್ಷ ತೋಟದ ಹುಲ್ಲು ಮೊಣಕಾಲು ಮುಟ್ಟಿಲ್ಲ.

ನನಗಿರುವ ದೊಡ್ಡ ತಕರಾರು ಟ್ರಾಲಿಯದು. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಟ್ರಾಲಿ ಇಲ್ಲದ ದಿನವಿಲ್ಲ, ಮತ್ತು ಟ್ರಾಲಿ ಸಿಕ್ಕುವುದು ಮೂರು ತೋಳಿಗಲ್ಲ, ಅದರ ಕೆಳಗಿನ ಹಿಚ್ ಹುಕ್ಕಿಗೆ. ಚೌಕಟ್ಟನ್ನು ಪೂರ್ತಿ ಮೇಲೆತ್ತಿಕೊಂಡು ಟ್ರಾಲಿ ಕಟ್ಟಿ ನೋಡಿದೆ. ನೇರ ದಾರಿಯಲ್ಲಿ ತೊಂದರೆಯಿಲ್ಲ, ಆದರೆ ತಿರುವಿನಲ್ಲಿ ಟ್ರಾಲಿಯ ಮೂತಿ ತೊಟ್ಟಿಲಿಗೆ ತಾಗುತ್ತದೆ, ಒಂದರ್ಧ ಗಂಟೆ ಎಂಜಿನ್ ಆರಿಸಿ ನಿಲ್ಲಿಸಿದರೆ ಹೈಡ್ರಾಲಿಕ್ ನಿಧಾನವಾಗಿ ಇಳಿದು ಚೌಕಟ್ಟು ಮೂತಿಯ ಮೇಲೆ ಕೂತುಬಿಡುತ್ತದೆ. ಆದ್ದರಿಂದ ಟ್ರಾಲಿಗೆ ಮೊದಲು ಚೌಕಟ್ಟನ್ನು ಕಳಚಲೇಬೇಕು. ಮೂರು ಪಿನ್, ಮೂರು ಲಿಂಚ್ ಪಿನ್, 32 ಕಿಲೋ ಕಬ್ಬಿಣವನ್ನು ತೊಡೆಯ ಮೇಲೆ ಆನಿಸಿಕೊಂಡು ಇಳಿಸುವುದು, ಸಂಜೆ ಮತ್ತೆ ಎತ್ತಿ ಕಟ್ಟುವುದು. ಕಳೆದ ಕೊಯ್ಲಿನಲ್ಲಿ ಬೇಸತ್ತು ಸುಮಾರು ಎರಡು ತಿಂಗಳು ಅದನ್ನು ಶೆಡ್ಡಿನ ಗೋಡೆಗೆ ಒರಗಿಸಿ ಇಟ್ಟಿದ್ದೆ, ಸ್ಲಾಷರನ್ನು ಹಳೆಯ ರೀತಿಯಲ್ಲೇ ಕಟ್ಟಿದೆ. ಈ ಸಲ ಚೌಕಟ್ಟು ತಾನೇ ನಿಲ್ಲುವಂತೆ ಎರಡು ಮಡಿಸುವ ಕಾಲುಗಳನ್ನು ಬೆಸೆದುಕೊಡಲು ವರ್ಕ್‌ಶಾಪಿನವರಿಗೆ ಹೇಳಿದ್ದೇನೆ. ಟ್ರ್ಯಾಕ್ಟರನ್ನು ಹಿಂದಕ್ಕೆ ತಂದು ನಿಂತಲ್ಲೇ ಪಿನ್ ಹಾಕುವಂತಾದರೆ ತೊಡೆಗಾದರೂ ಬಿಡುವು ಸಿಗುತ್ತದೆ. ಕಾಲು ಬೆಸೆಯಲು 600 ರೂಪಾಯಿ ಕೇಳಿದ್ದಾರೆ. ಕೊಯ್ಲಿಗೆ ಮೊದಲು ಕೊಡುತ್ತೇವೆ ಎಂದಿದ್ದಾರೆ.